ಕುರ್ಲಾ ಚಾಳಿನಲ್ಲಿ ವೆಸ್ಟ್ ಇಂಡೀಸ್ ಹಂದಿ

ನಮ್ಮ ಸೋದರಮಾವನಷ್ಟು ದೊಡ್ಡ ಅಡುಗೆಯವರು ಇಡೀ ಮುಂಬಯಿಯಲ್ಲಿ ಇರಲಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು! ಸರಕು ಹಡಗಿನಲ್ಲಿ ಅರ್ಧ ಆಯುಷ್ಯ ಸೌಟು ತಿರುಗಿಸಿ ಬಂದವರು. ನಲವತ್ತು ಖಲಾಸಿಗಳಿಗೆ ಬಡಿಸಿದ ಆ ಕೈಗೆ ಮೂವರ ಅಡುಗೆ ಬರುತ್ತಲೇ ಇರಲಿಲ್ಲ. ಕುರ್ಲಾದ ನಮ್ಮ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿದ್ದವರು ಮಾವ, ಅತ್ತೆ, ಮತ್ತು ದಾದರಿನ ಆಫೀಸೊಂದರಲ್ಲಿ ಟೈಪಿಸ್ಟಾಗಿದ್ದ ನಾನು. ಮಾವ ಒಂದು ದಿನ ಸಾರು ಮಾಡಿದರೆ ನಾವು ವಾರವಿಡೀ ಅದರಲ್ಲೇ ಈಜಬೇಕು. ಹಾಗಾಗಿ ಅತ್ತೆ ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ.

ಬಿಡದಿರಲು ಇನ್ನೊಂದು ಕಾರಣ ಹಂದಿ. ಹಡಗು ವೆಸ್ಟ್ ಇಂಡೀಸಿನ ಯಾವುದೋ ಬಂದರಿನಲ್ಲಿ ನಿಂತಾಗ ಮಾವ ಅಲ್ಲಿಯವರು ಸುಟ್ಟ ಹಂದಿ ತೊಡೆ ತಿಂದಿದ್ದರಂತೆ. ಬೆಳ್ಳುಳ್ಳಿ, ಮೆಣಸು, ಹುಳಿ ಕಿತ್ತಳೆಯ ರಸ ಹಚ್ಚಿ ನೆನೆಸಿಟ್ಟು, ಮರುದಿನ ಬೆಳಗಿನಿಂದ ಸಂಜೆಯವರೆಗೆ ಮಂದ ಬೆಂಕಿಯಲ್ಲಿ ಬೇಯಿಸುವುದು. ಎಲುಬು ಎಳೆದರೆ ಮಾಂಸ ತಾನಾಗಿ ಕಳಚಿ ಬರಬೇಕು! ಪ್ರತಿ ರಜೆಯಲ್ಲೂ ಇದೇ ಪುರಾಣ. ಚಾಳಿನವರಿಗೆಲ್ಲ ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್, ನಮ್ಮ ಮನೆಗೆ ಮಾತ್ರ ಹಂದಿ. "ಅದು ಈ ಮನೆಯೊಳಗೆ ಬಂದ್ರೆ ನಾನು ಹೊರಗೆ" ಎಂದು ಅತ್ತೆ ಎದ್ದು ಹೋಗುತ್ತಿದ್ದರು.

ಅಂಥ ಅತ್ತೆಗೆ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ನಾಲಿಗೆಯೇ ಸತ್ತುಹೋಗಿತ್ತು. ಗಂಜಿ ಮಣ್ಣು, ಮೀನು ಮಣ್ಣು, ಎಳನೀರೂ ಮಣ್ಣು! ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. "ಏನು ಕೇಳಿದರೂ ಕೊಡಿ, ಹೇಗಾದರೂ ತಿನ್ನಬೇಕು. ತಿನ್ನದಿದ್ದರೆ ನಾನೇನೂ ಮಾಡಲಾರೆ" ಎಂದು ಡಾಕ್ಟರೂ ಕೈಚೆಲ್ಲಿದರು. ಮಾವ ದಿನವೂ ಹಾಸಿಗೆಯ ಪಕ್ಕ ಕೂತು, "ಎಂತ ಬೇಕು ಹೇಳು ಮಾರಾಯ್ತಿ" ಎಂದು ಗೋಗರೆಯುತ್ತಿದ್ದರು. ಒಂದು ದಿನ ಅತ್ತೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದರು.

"ನಿಮ್ಮ ಆ ಹಂದಿ. ಇಷ್ಟು ವರ್ಷ ಕಿವಿಯಲ್ಲಿ ತಿಂದದ್ದಾಯ್ತು. ಒಮ್ಮೆ ಬಾಯಲ್ಲಿ ತಿಂತೇನೆ."

ಗಂಜಿ ಇಳಿಯದ ಗಂಟಲಿಗೆ ಹಂದಿ ತೊಡೆಯೇ? ಆದರೆ ಮಾವ ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದರು.

ಸಾಂತಾಕ್ರೂಜಿನ ಅಂಗಡಿಗೆ ಜೊತೆಗೆ ಹೋದದ್ದು ನನ್ನ ದುರ್ದೈವ. ಒಂದು ತುಂಡು ಸಾಕು ಎಂದರೆ ಕೇಳುವವರೇ? "ತುಂಡು ತಂದ್ರೆ ಒಣಗಿ ಹೋಗ್ತದೆ. ನಿನಗೆಂತ ಗೊತ್ತುಂಟು?" ಇಡೀ ತೊಡೆಯನ್ನು ಬಿಳಿ ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೊರಟರು. ದಾದರಿನಲ್ಲಿ ಇಳಿದು ಕುರ್ಲಾ ಕಡೆಯ ಲೋಕಲ್ ಹತ್ತಿದರೆ ಕಾಲಿಡಲು ಜಾಗವಿಲ್ಲ. ಒಬ್ಬ ಮುದುಕರು ಟವೆಲನ್ನು ನೋಡಿ, ಒಳಗೆ ಕೂಸಿದೆಯೆಂದುಕೊಂಡು ತಟ್ಟನೆ ಎದ್ದರು. "ಬೈಠೋ ಭಾಯಿ, ಗೋದ್ ಮೇ ಬಚ್ಚಾ ಹೈ." ಮಾವ ನಾಚಿಕೆಯೇ ಇಲ್ಲದೆ ಕೂತುಬಿಟ್ಟರು! ಮುದುಕರು ಬಗ್ಗಿ, "ನಾಮ್ ಕ್ಯಾ ರಖಾ?" ಎಂದು ಕೂಸಿನ ಹೆಸರು ಕೇಳಿದರು. "ಅಭೀ ನಹೀ ರಖಾ" ಎಂದರು ಮಾವ, ಟವೆಲಿನೊಳಗಿನ ತೊಡೆಯನ್ನು ಮೆಲ್ಲಗೆ ತಟ್ಟುತ್ತ. ಈ ಮನುಷ್ಯ ಯಾರೆಂದೇ ಗೊತ್ತಿಲ್ಲದವಳಂತೆ ನಾನು ಕಿಟಕಿಯಾಚೆ ನೋಡುತ್ತ ನಿಂತೆ.

ಮರುದಿನ ಸ್ಟೋವಿನ ಮೇಲೆ ಪೂಜೆ ಶುರುವಾಯಿತು. ಸಂಜೆಯವರೆಗೆ ಉರಿಯಬೇಕಾದದ್ದು ಮಧ್ಯಾಹ್ನವೇ ಪಿಸ್ಸೆಂದಿತು. ರೇಷನ್ನಿನ ಸೀಮೆಎಣ್ಣೆ ಖಾಲಿ! ಮಾವ ಸೋಲೊಪ್ಪುವ ಜಾತಿಯೇ? ಖೋಲಿಯ ಮೂಲೆಯ ಬಚ್ಚಲಾದ ಮೋರಿಯಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ್ ಇತ್ತು. ನಡುವೆ ಕೆಂಡದ ಕೊಳವೆ, ಸುತ್ತ ಮುಚ್ಚಳವಿಲ್ಲದ ನೀರು. ಅರೆಬೆಂದ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ, ದಾರ ಕಟ್ಟಿ, ಆ ಕೊಳವೆಯ ಬಾಯಿಯ ಮೇಲೆ ತೂಗುಬಿಟ್ಟರು. ಎಲೆ ಸುಟ್ಟಿತು, ದಾರ ಸುಟ್ಟಿತು, ಮಾಂಸ ಒಂದು ಕಡೆ ಇದ್ದಿಲಾಯಿತು, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯಿತು. ಕರಗಿದ ಕೊಬ್ಬೆಲ್ಲ ಎಲ್ಲಿಗೆ ಹೋಯಿತು ಎಂದು ಯಾರೂ ಯೋಚಿಸಲಿಲ್ಲ. ಮರುದಿನ ಬೆಳಿಗ್ಗೆ ಅದೇ ಬಂಬ್‌ನ ನೀರಿನಲ್ಲಿ ತಲೆಗೆ ಮಿಂದು ಆಫೀಸಿಗೆ ಹೋದೆ. ಪಕ್ಕದ ಮೇಜಿನವಳು ನನ್ನ ಜಡೆ ಮುಟ್ಟಿ ಕೇಳಿದಳು, "ಎಷ್ಟು ಹೊಳೀತಿದೆಯೇ! ಯಾವ ಎಣ್ಣೆ ಹಚ್ತೀ?"

ಆ ದಿನ ಮನೆಗೆ ಬಂದರೆ ನಗುವ ಹಾಗಿರಲಿಲ್ಲ. ಅತ್ತೆ ನೀರನ್ನೂ ಉಗುಳಿದ್ದರು. ಮಾವ ಖೋಲಿಯ ಹೊರಗಿನ ಗ್ಯಾಲರಿಯಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದರು. "ಊರ ಜನರ ಹೊಟ್ಟೆಯೆಲ್ಲ ತುಂಬಿಸಿದೆ. ಇವಳಿಗೊಂದು ತುತ್ತು ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಎಂಥ ಅಡುಗೆಯವ ನಾನು?" ಅತ್ತೆ ಉಳಿಯುವುದಿಲ್ಲ ಎಂದು ನನಗೆ ಆವತ್ತು ನಿಜವಾಗಿ ಭಯವಾಯಿತು.

ಪಕ್ಕದ ಖೋಲಿಯ ಗಂಗವ್ವ ಬಿಜಾಪುರದ ಕಡೆಯವರು. ಮೀನಿನ ವಾಸನೆ ಬಂದರೂ ಧಡಾರನೆ ಬಾಗಿಲು ಹಾಕಿಕೊಳ್ಳುವವರು. ಅವರು ತಮ್ಮ ದೊಡ್ಡ ಶೆಗಡಿ ಒಲೆಯನ್ನು, ಜೊತೆಗೊಂದು ಚೀಲ ಇದ್ದಿಲನ್ನು ತಂದು ಮಾವನ ಮುಂದೆ ಇಟ್ಟರು. "ತಗೊಳ್ರಿ ಅಣ್ಣಾರ, ಇದರಾಗ ಮಾಡ್ರಿ. ನಾ ಮೂಗ ಮುಚಗೊಂಡ ಕುಂಡರ್ತೀನಿ. ಅಕ್ಕಾರು ಒಂದ ತುತ್ತ ಉಂಡ್ರ ಸಾಕು."

ಭಾನುವಾರ ಇನ್ನೊಂದು ತೊಡೆ ಬಂತು. ದಪ್ಪ ತಳದ ಪಾತ್ರೆ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಬೆಳಗಿನಿಂದ ಮಾವ ಅದರ ಮುಂದಿನಿಂದ ಕದಲಲಿಲ್ಲ. ಊಟ ಬೇಡ, ಚಹಾ ಬೇಡ. ನಾನು ಮುಚ್ಚಳಕ್ಕೆ ಕೈ ಚಾಚಿದರೆ, "ಮುಟ್ಟಿದ್ರೆ ಕೈ ಕಡಿತೇನೆ!" ಎಂದು ಗುಡುಗಿದರು. "ಮತ್ತೆ ಸೀದು ಹೋದ್ರೆ ಮಾವ?" ಎಂದೆ. "ಸೀದು ಹೋದ್ರೆ ನಾನೂ ಹೋದೆ ಅಂತ ತಿಳ್ಕೋ" ಎಂದರು, ನನ್ನ ಮುಖ ನೋಡದೆ.

ಸಂಜೆ ಎಲುಬು ಎಳೆದರು. ಮಾಂಸ ತಾನಾಗಿ ಕಳಚಿ ಬಂತು. ಆ ದೊಡ್ಡ ಕೈಗಳು ಅದನ್ನು ನೂಲಿನಷ್ಟು ಸಣ್ಣಗೆ ಬಿಡಿಸಿ ಅತ್ತೆಯ ಬಾಯಿಗೆ ಇಟ್ಟವು. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಬಾಗಿಲಲ್ಲಿ ಗಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತಿದ್ದರು. ಅತ್ತೆ ನುಂಗಿದರು. ಮುಖ ಹುಳ್ಳಗೆ ಮಾಡಿದರು.

"ಉಪ್ಪು ಕಮ್ಮಿ."

ಮಣ್ಣು ಅನ್ನಲಿಲ್ಲ! ಉಪ್ಪು ಕಮ್ಮಿ ಅಂದರು! ಮಾವ ತಟ್ಟೆಯನ್ನು ನೆಲಕ್ಕಿಟ್ಟು ಅತ್ತೆಯ ಎರಡೂ ಕೈಗಳನ್ನು ಹಿಡಿದುಕೊಂಡರು. ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

"ಇನ್ನೊಂದು ಸಲ ಹೇಳು ಮಾರಾಯ್ತಿ. ಎಂತ ಕಮ್ಮಿ?"

"ಉಪ್ಪು, ಉಪ್ಪು! ಇಷ್ಟು ವರ್ಷ ಹಡಗಿನಲ್ಲಿ ನೀವು ಮಾಡಿದ್ದು ಇದನ್ನೇಯಾ?" ಎಂದು ಗದರಿಸಿ, ಅತ್ತೆ ಮತ್ತೆ ಬಾಯಿ ತೆರೆದರು.