ದಾರ ಬಿಡದ ಯಂತ್ರವೂ ಈರಕ್ಕನ ಗುರುವಾರವೂ

ತನಗೆ ಏನು ಬರುವುದಿಲ್ಲ ಎಂಬುದು ಮನುಷ್ಯನಿಗೆ ಬೇಗ ತಿಳಿಯುತ್ತದೆ. ನಾಲ್ಕು ಜನ ನಕ್ಕರೆ ಸಾಕು. ಅಪಾಯವಿರುವುದು ಚಿಕ್ಕಂದಿನಲ್ಲಿ ಒಮ್ಮೆ ಚೆನ್ನಾಗಿ ಬರುತ್ತಿದ್ದ ವಿದ್ಯೆಗಳಲ್ಲಿ. ನನಗೆ ಅಂಥದ್ದೊಂದು ವಿದ್ಯೆ ಇತ್ತು: ದಾರ ಸುತ್ತುವುದು. ಚಳ್ಳಕೆರೆಯಲ್ಲಿ ಆಷಾಢದ ಗಾಳಿ ಎದ್ದಾಗ ನಮ್ಮ ಓಣಿಯ ಗಾಳಿಪಟಗಳ ದಾರವನ್ನೆಲ್ಲ ನಾನೇ ಸುತ್ತುತ್ತಿದ್ದೆ. ಕೋಲಿನ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ, ಎಳೆಯ ಮೇಲೆ ಎಳೆ ಅಡ್ಡಹಾಯುವಂತೆ ಸುತ್ತಿದರೆ ಉಂಡೆ ಕುಸಿಯುವುದಿಲ್ಲ. ಇದರಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಒಬ್ಬನೇ ಸಾಕ್ಷಿ ಇರುವ, ಆ ಸಾಕ್ಷಿಯೂ ಆರೋಪಿಯೇ ಆಗಿರುವ ಇಂಥ ಹೇಳಿಕೆಯನ್ನು ಇತಿಹಾಸದ ಮೇಷ್ಟ್ರಾದ ನಾನು ನಂಬಬಾರದಿತ್ತು.

ಇದು ನಡೆದಾಗ ನಾನು ಮೊಳಕಾಲ್ಮೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಪಕ್ಕಕ್ಕೆ ರೈಲುಡಬ್ಬಿಯಷ್ಟು ಉದ್ದನೆಯ ಖಾಲಿ ಜಾಗವಿತ್ತು. ಗೋಡೆಯಾಚೆ ರೇಷ್ಮೆ ಸೀರೆ ನೇಯುವ ಈರಕ್ಕ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೇರಿಸುವ ಮೊದಲು ಬೀದಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ತೊಡಕು ಬಿಡಿಸಿ, ಹರಿದ ಎಳೆ ಕೂಡಿಸುತ್ತಾರೆ. ಆ ಸಲ ನಲ್ಲಿಯ ಪೈಪಿಗೆಂದು ಬೀದಿಯನ್ನೇ ಅಗೆದು ಹಾಕಿದ್ದರಿಂದ ಈರಕ್ಕ ನಮ್ಮ ಜಾಗ ಕೇಳಿದರು. ಊರವರ ಮದುವೆಗಳಿಗೆಲ್ಲ ನೇಯ್ದ ಅವರು ಮೊದಲ ಸಲ ಸ್ವಂತ ಮಗಳ ಧಾರೆಗೆ ನೇಯುವವರಿದ್ದರು. ಗುರುವಾರ ಬೆಳಿಗ್ಗೆ ಹಾಸು ಕಟ್ಟದಿದ್ದರೆ ಸೀರೆ ಹೊತ್ತಿಗೆ ಸರಿಯಾಗಿ ಮಗ್ಗದಿಂದ ಇಳಿಯುವುದಿಲ್ಲ; ನೇಕಾರರ ಮನೆಯ ಹುಡುಗಿ ಅಂಗಡಿಯ ಸೀರೆ ಉಟ್ಟು ಹಸೆಗೆ ಕೂರಬೇಕಾಗುತ್ತದೆ.

ಜಾಗದ ತುಂಬ ಮಳೆಗೆ ಎದ್ದ ಉತ್ತರಾಣಿ ಮತ್ತು ನೆಗ್ಗಿಲು. ಉತ್ತರಾಣಿಯ ಬೀಜ ಅಂಟಿದರೆ ಪಂಚೆಯೇ ಬಿಡಿಸಿಕೊಳ್ಳಲಾರದು, ಇನ್ನು ರೇಷ್ಮೆಯ ಎಳೆಯ ಪಾಡೇನು? "ಇಬ್ರು ಹೆಣ್ಮಕ್ಳನ್ನ ಕುಡುಗೋಲು ಕೊಟ್ಟು ಕಳಿಸ್ತೀನಿ ಮೇಷ್ಟ್ರೇ, ಗಳಿಗೇಲಿ ಆಗ್ತೈತೆ" ಎಂದರು ಈರಕ್ಕ. ನಾನು ತಡೆದೆ. ಆ ತಿಂಗಳಷ್ಟೇ ಚಳ್ಳಕೆರೆಯ ಪಂಪ್‌ಸೆಟ್ ಅಂಗಡಿಯಿಂದ ಪೆಟ್ರೋಲಿನಲ್ಲಿ ಓಡುವ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ತಂದಿದ್ದೆ. ಯಾಕೆ ತಂದಿರಿ ಎಂದು ನೀವು ಕೇಳಬೇಡಿ. ನನ್ನ ಹೆಂಡತಿ ವಿಮಲಾ ಕೇಳಿ ಸುಸ್ತಾಗಿದ್ದಾಳೆ. ಅದರಲ್ಲಿ ಬ್ಲೇಡಿಲ್ಲ. ಉರುಳೆಗೆ ಸುತ್ತಿದ ನೈಲಾನ್ ದಾರದ ಎರಡು ತುದಿಗಳು ಹೊರಗೆ ಗಿರ್ರನೆ ತಿರುಗಿ ಹುಲ್ಲನ್ನು ಹೊಡೆಯುತ್ತವೆ. ತುದಿ ಸವೆದರೆ ಯಂತ್ರದ ತಲೆಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಬೇಕು, ಹೊಸ ದಾರ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಬಂದಿತ್ತು. ಅರ್ಧ ಗಂಟೆಯ ಕೆಲಸ, ನಿಮಗ್ಯಾಕೆ ತೊಂದರೆ ಎಂದು ಈರಕ್ಕನನ್ನು ಕಳಿಸಿಬಿಟ್ಟೆ. ಅಂದು ಶನಿವಾರ.

ಭಾನುವಾರ ಅಂಗಡಿಯವರೇ ಸುತ್ತಿಕೊಟ್ಟ ದಾರ ಗೋಡೆಗೂ ಕಲ್ಲಿಗೂ ತಾಗಿ ತುಂಡುತುಂಡಾಗಿ ಮುಗಿಯಿತು. ಹೊಸ ದಾರವನ್ನು ನಾನೇ ಸುತ್ತಿದೆ. ಹೇಗೆ ಸುತ್ತಿದೆ ಎಂದು ಹೇಳಬೇಕಾಗಿಲ್ಲ. ಓಣಿಯ ಹಳೆಯ ಕೈಚಳಕ ಮರೆತಿರಲಿಲ್ಲವಲ್ಲ ಎಂದು ಸಂತೋಷವೂ ಆಯಿತು. ಯಂತ್ರ ನಾಲ್ಕು ಹೆಜ್ಜೆ ಕತ್ತರಿಸಿ ಸುಮ್ಮನೆ ಗುಂಯ್ ಎನ್ನತೊಡಗಿತು. ಕುಟ್ಟಿದೆ, ದಾರ ಬರಲಿಲ್ಲ. ಇನ್ನೂ ಜೋರಾಗಿ ಕುಟ್ಟಿದೆ. ಸೋಮವಾರ ಸಂಜೆಗೆ ಆ ಜಾಗದ ಒಂದು ಕೊನೆಯ ತುಂಬ ಗುಂಡಿಗಳಾಗಿದ್ದವು, ಉತ್ತರಾಣಿ ಮಾತ್ರ ನಿಂತೇ ಇತ್ತು. ವಿಮಲಾ ಅಡುಗೆಮನೆಯ ಕಿಟಕಿಯಿಂದ ನೋಡಿ, ನೀವು ಹುಲ್ಲನ್ನು ಕಡಿಯುತ್ತಿಲ್ಲ, ಹೆದರಿಸುತ್ತಿದ್ದೀರಿ ಎಂದಳು.

ಮಂಗಳವಾರ ಉರುಳೆಯನ್ನು ಟಿಫಿನ್ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಅಂಗಡಿಯವರು ಉರುಳೆಯನ್ನು ಬಿಚ್ಚಿ ನೋಡದೆ, ದಾರ ಕಮ್ಜೋರ್ ಐತೆ ಸಾರ್ ಎಂದು ಇನ್ನೂ ದಪ್ಪನೆಯದು ಕೊಟ್ಟರು. ಅದು ಯಂತ್ರದ ತೂತಿನೊಳಗೇ ಹೋಗಲಿಲ್ಲ. ದಿನವೂ ಈರಕ್ಕ ಗೋಡೆಯ ಮೇಲಿಂದ ಇಣುಕುತ್ತಿದ್ದರು. ಹುಲ್ಲಿನ ಮಾತೇ ಎತ್ತುತ್ತಿರಲಿಲ್ಲ. ಊಟ ಆಯ್ತಾ ಮೇಷ್ಟ್ರೇ ಎಂದು ಬಾಯಿ ನನ್ನನ್ನು ಕೇಳುತ್ತಿತ್ತು, ಕಣ್ಣು ಉತ್ತರಾಣಿಯನ್ನು ಎಣಿಸುತ್ತಿತ್ತು. ಹೆಂಗಸರನ್ನು ಕಳಿಸಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ? ದಿನಚರಿಯಲ್ಲಿ 'ಇನ್ನೊಂದು ಪ್ರಯೋಗ ಬಾಕಿ ಇದೆ' ಎಂದು ಬರೆದುಕೊಂಡಿದ್ದೇನೆ. ಹಟ ಎಂಬ ಪದ ಆಗ ನನಗೆ ಹೊಳೆದಂತಿಲ್ಲ.

ಬುಧವಾರ ಮಧ್ಯಾಹ್ನ ಈರಕ್ಕ ಇಣುಕಲಿಲ್ಲ. ಗೇಟು ತೆಗೆದು ಒಳಗೇ ಬಂದರು.

"ಅದರ ಹೊಟ್ಟೆ ಬಿಚ್ರಿ, ನೋಡಾನ."

ಬಿಚ್ಚಿದೆ. ಉರುಳೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದನ್ಯಾರು ಸುತ್ತಿದ್ದು?" ಎಂದರು. ಅಂಗಡಿಯವರು ಎನ್ನುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ನಾನೇ ಎಂದೆ.

"ಗಾಳಿಪಟ ಹಾರ್ಸಾಕೇನ್ರೀ? ಎಳೆ ಮೇಲೆ ಎಳೆ ಕುಂತೈತೆ. ಕೆಳಗಿಂದು ಹೊರಗೆ ಬರ್ಬೇಕಂದ್ರೆ ಮೇಲಿಂದು ದಾರಿ ಬಿಡಬ್ಯಾಡ್ವಾ?"

ಎಳೆಗಳು ಬಿಸಿಗೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಸುತ್ತದೆ ಉಳಿದಿದ್ದ ಮೊದಲಿನ ತೆಳು ದಾರದ ತುಂಡೊಂದನ್ನು ಬಗ್ಗಿಸಿದರು, ಲಟಕ್ಕನೆ ಮುರಿಯಿತು. "ಎಂಡಿಪೋಯಿಂದಿ" ಎಂದು ತಮ್ಮಷ್ಟಕ್ಕೆ ತೆಲುಗಿನಲ್ಲಿ ಅಂದುಕೊಂಡರು, ಒಣಗಿಹೋಗಿದೆ ಅಂತ. ಉಳಿದ ದಾರವನ್ನು ಬಕೆಟ್ಟಿನ ನೀರಿಗೆ ಹಾಕಿಸಿದರು. ನಾಲ್ಕು ಗಂಟೆಗೆ ತೆಗೆದಾಗ ಅದು ಮೆತ್ತಗೆ ಬಗ್ಗುತ್ತಿತ್ತು. ಯಾವ ಕಡೆಗೆ ಸುತ್ತಬೇಕು ಎಂದು ಕೇಳಿದರು. ನಾನು ಒಳಗೆ ಓಡಿ ದಿನಚರಿ ತಂದೆ. ಬಾಣದ ಗುರುತು ಬರೆದಿದ್ದೆ, ಆದರೆ ಅದು ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ಬರೆದಿರಲಿಲ್ಲ. "ಪುಸ್ತಕ ಯಾಕ್ರೀ, ಮಿಷನ್ನು ಇಲ್ಲೇ ಐತಲ್ಲ" ಎಂದು ಈರಕ್ಕ ಯಂತ್ರ ಶುರು ಮಾಡಿಸಿ, ಅದು ಎತ್ತ ತಿರುಗುತ್ತದೆಂದು ನೋಡಿಕೊಂಡರು. ಆಮೇಲೆ ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ಕಂಡಿಕೆಗೆ ನೂಲು ಸುತ್ತುವ ಹಾಗೆಯೇ, ಸುತ್ತಿನ ಪಕ್ಕಕ್ಕೆ ಸುತ್ತು ಕೂರಿಸುತ್ತ, ಒಂದೇ ಎಳೆತದಲ್ಲಿ ಸುತ್ತಿದರು. ನಾನು ಒಮ್ಮೆ ಕುಟ್ಟಿದೆ. ದಾರ ಬಂತು.

ಹೊತ್ತು ಮುಳುಗುವುದರೊಳಗೆ ಜಾಗವೆಲ್ಲ ಬಯಲಾಯಿತು. ಗೆದ್ದೆ ಎಂದುಕೊಂಡು ಗುರುವಾರ ಬೆಳಿಗ್ಗೆ ನೋಡಿದರೆ, ಯಂತ್ರ ಉತ್ತರಾಣಿಯ ಬೀಜವನ್ನು ನೆಲ, ಗೋಡೆ, ಒಣಹಾಕಿದ ಬಟ್ಟೆ, ನನ್ನ ಅಂಗಿ ಎನ್ನದೆ ಎಲ್ಲೆಡೆ ಬಿತ್ತಿತ್ತು. ಕೊನೆಗೂ ಆ ಇಬ್ಬರು ಹೆಂಗಸರೇ ಬರಬೇಕಾಯಿತು, ಪೊರಕೆ ಹಿಡಿದು. ಕುಡುಗೋಲಲ್ಲಿ ಕೊಯ್ದಿದ್ದರೆ ಬೀಜ ಗಿಡದ ಜೊತೆಗೇ ಹೋಗುತ್ತಿತ್ತು ಎಂದು ಅವರಲ್ಲೊಬ್ಬಾಕೆ ಅಂದಾಗ ಈರಕ್ಕ ಕಣ್ಣಲ್ಲೇ ಸುಮ್ಮನಿರಿಸಿದರು.

ಬಿಸಿಲೇರುತ್ತಿತ್ತು. ಹಾಸಿನ ಒಂದು ತುದಿಯನ್ನು ಗೂಟಕ್ಕೆ ಕಟ್ಟಿದರು. ಇನ್ನೊಂದು ಕೊನೆಯಲ್ಲಿ, ನಾನು ಕುಟ್ಟಿ ಕುಟ್ಟಿ ಸಡಿಲ ಮಾಡಿದ್ದ ನೆಲದಲ್ಲಿ, ಗೂಟ ನಿಲ್ಲಲಿಲ್ಲ. ಈರಕ್ಕ ಸುತ್ತಲೂ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಹಿಡ್ಕಳ್ರಿ ಮೇಷ್ಟ್ರೇ. ಎಳೀಬ್ಯಾಡ್ರಿ, ಬಿಡಬ್ಯಾಡ್ರಿ. ಸುಮ್ನೆ ನಿಂತ್ಕಳ್ರಿ."

ಎರಡು ಗಂಟೆ ನಿಂತೆ. ಕಾಲೇಜಿಗೆ ಹೊರಟ ನನ್ನ ವಿದ್ಯಾರ್ಥಿಗಳು ಕಾಂಪೌಂಡಿನಾಚೆ ನಿಂತು ನಮಸ್ಕಾರ ಹೇಳಿದರು, ಕೈ ಎತ್ತುವಂತಿರಲಿಲ್ಲ. ಕಾಲರಿನೊಳಗೆ ಒಂದು ಬೀಜ ಚುಚ್ಚುತ್ತಲೇ ಇತ್ತು. ಅರಿಶಿನ ಬಣ್ಣದ ಅಷ್ಟು ಎಳೆಗಳಲ್ಲಿ ಒಂದೂ ನನ್ನ ಕೈಯಲ್ಲಿ ಹರಿಯಲಿಲ್ಲ.

ಸೀರೆ ಧಾರೆಗೆ ಮೊದಲೇ ಮಗ್ಗದಿಂದ ಇಳಿಯಿತು. ಮದುವೆಯಲ್ಲಿ ಈರಕ್ಕ ನನ್ನನ್ನು ತಮ್ಮ ನೆಂಟರಿಗೆ ಪರಿಚಯಿಸಿದರು: "ಈ ಸೀರೆಗೆ ಗೂಟ ಆಗಿ ನಿಂತಿದ್ದ ಮೇಷ್ಟ್ರು ಇವ್ರೇ." ಎಲ್ಲರೂ ನೇಕಾರರು, ಯಾರೂ ನಗಲಿಲ್ಲ. ಅವರಲ್ಲೊಬ್ಬರು ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, ಮುಂದಿನ ವಾರ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಲು ಆಗುತ್ತದೆಯೇ ಎಂದು ವಿಚಾರಿಸಿದರು. ಆಗುತ್ತದೆ ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಪಾಠಕ್ಕಾಗಿ ಯಾರೂ ಹಾಗೆ ಕೇಳಿಕೊಂಡು ಬಂದಿರಲಿಲ್ಲ.