ಶೇಷಗಿರಿಯವರ ಬೇಸ್‌ಮೆಂಟಿನಲ್ಲಿ ರೆಕಾರ್ಡಿಂಗ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕೈಯಿಲ್ಲದ ಎರಡು ಕುರ್ಚಿಗಳು. ಪಿಟೀಲು ಬಾರಿಸುವವರ ಮೊಣಕೈಗೆ ಕುರ್ಚಿಯ ಕೈ ತಾಗಬಾರದಂತೆ, ಕೂತರೆ ಕಿರುಗುಟ್ಟಲೂಬಾರದಂತೆ. ವುಡ್‌ರಿಡ್ಜ್‌ನ ಶೇಷಗಿರಿಯವರ ಮನೆಯ ಹದಿನಾಲ್ಕು ಕುರ್ಚಿಗಳಲ್ಲಿ ಒಂದೂ ಈ ಪರೀಕ್ಷೆ ಪಾಸಾಗಲಿಲ್ಲ. ಮೂರನೇ ಮನೆಯ ನಿಂಗಪ್ಪನವರ ಹತ್ತಿರ ಗಟ್ಟಿ ಮರದವು ಇವೆಯೆಂದು ಹೆಂಡತಿ ಜಯಾ ನೆನಪಿಸಿದರು. ಶೇಷಗಿರಿ ಫೋನ್ ಮಾಡಿದರು. ಅಲ್ಲಿಗೆ ಕೆಟ್ಟಿತು.

ಆ ಶನಿವಾರ ಅವರ ಬೇಸ್‌ಮೆಂಟಿನಲ್ಲಿ ನಡೆಯಲಿದ್ದುದು ಸಾಮಾನ್ಯ ಸಂಗತಿಯಲ್ಲ. ಪಿಟೀಲಿನ ವೆಂಡೆಲ್‌ಗೆ ಎಂಬತ್ತನಾಲ್ಕು, ಬ್ಯಾಂಜೊದ ಹೋಬರ್ಟ್‌ಗೆ ಎಂಬತ್ತೊಂದು. ಇಬ್ಬರೂ ಕೆಂಟಕಿಯ ಬೆಟ್ಟಗಳಿಂದ ಕಾರು ಕಾರ್ಖಾನೆಯ ಕೆಲಸಕ್ಕೆಂದು ಡೆಟ್ರಾಯಿಟ್‌ಗೆ ಬಂದು, ತಮ್ಮ ಊರಿನ ಹಳೆಯ ಹಾಡುಗಳನ್ನು ಬಾರಿಸಿ ಹೆಸರು ಮಾಡಿ, ಯಾವುದೋ ಒಂದು ಹಾಡನ್ನು ಎಷ್ಟು ವೇಗವಾಗಿ ಬಾರಿಸಬೇಕೆಂದು ಜಗಳವಾಡಿ, ಮೂವತ್ತೆಂಟು ವರ್ಷ ಮಾತು ಬಿಟ್ಟವರು. ಶೇಷಗಿರಿ ಅದೇ ಕಾರ್ಖಾನೆಗೆ ಇಂಜಿನಿಯರ್ ಆಗಿ ಸೇರಿದಾಗ, ಊಟದ ಬಿಡುವಿನಲ್ಲಿ ವೆಂಡೆಲ್ ಒಬ್ಬನೇ ಬಾರಿಸುವುದನ್ನು ಕೇಳಿ ಮರುಳಾಗಿದ್ದರು. ಮೈಸೂರಿನವನಿಗೆ ಇದೆಂಥ ಹುಚ್ಚು ಎಂದು ನೆಂಟರು ನಕ್ಕರೂ ಬಿಡಲಿಲ್ಲ. ಎರಡು ವರ್ಷ ಇಬ್ಬರಿಗೂ ಪತ್ರ ಬರೆದು, ಒಬ್ಬರ ಪರವಾಗಿ ಇನ್ನೊಬ್ಬರ ಕ್ಷಮೆಯನ್ನು ತಾವೇ ಕೇಳಿ, ಕೊನೆಗೂ ಇಬ್ಬರನ್ನೂ ಒಂದೇ ಕೋಣೆಗೆ ತಂದಿದ್ದರು. ಅದಕ್ಕೆ ಅವರು ಬಯಸಿದ್ದು ಒಂದೇ: ರೆಕಾರ್ಡಿನ ಹೊದಿಕೆಯ ಮೇಲೆ 'ಶೇಷಗಿರಿಯವರ ಮನೆಯಲ್ಲಿ ಧ್ವನಿಮುದ್ರಿಸಿದ್ದು' ಎಂಬ ಒಂದು ಸಾಲು. ಅದು ಅಚ್ಚಾಗುವ ಮೊದಲೇ ವುಡ್‌ರಿಡ್ಜ್‌ನಿಂದ ಡೆಟ್ರಾಯಿಟ್‌ವರೆಗಿನ ಪರಿಚಯಸ್ಥರಿಗೆಲ್ಲ ಬಾಯಿಪಾಠವಾಗಿತ್ತು.

ರೆಕಾರ್ಡಿಂಗ್ ಮಾಡಲು ಬಂದ ಮೆಗ್ ಎಂಬ ತರುಣಿ ಹಾಕಿದ ಷರತ್ತೂ ಒಂದೇ: ಹೊರಗಿನ ಒಂದು ಸದ್ದೂ ಕೂಡದು. ತೊಂಬತ್ತಮೂರು ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ ಶೇಷಗಿರಿ ಎ.ಸಿ. ಆರಿಸಿದರು. ಫ್ರಿಜ್ಜಿನ ಪ್ಲಗ್ ಕಿತ್ತರು, ಕರೆಗಂಟೆಯ ತಂತಿ ಬಿಚ್ಚಿದರು. ಜಯಾಗೆ ಕುಕ್ಕರ್ ಮುಟ್ಟಬಾರದೆಂದು ಅಪ್ಪಣೆಯಾಯಿತು.

ಅಷ್ಟರಲ್ಲಿ ನಿಂಗಪ್ಪ ಕುರ್ಚಿ ಹೊತ್ತು ಬಂದರು. ಎರಡು ಕೇಳಿದ್ದರೆ ಮೂರು ತಂದಿದ್ದರು. ಮೂರನೆಯದರಲ್ಲಿ ತಾವೇ ಕೂತರು. ಕುರ್ಚಿ ಕೊಟ್ಟವರನ್ನು ಏಳಿಸುವುದು ಹೇಗೆ? ತುಟಿಪಿಟಕ್ ಅನ್ನಬಾರದೆಂದು ಶೇಷಗಿರಿ ಕಿವಿಯಲ್ಲಿ ಹೇಳಿದರು. ನಿಂಗಪ್ಪ ಧಾರಾಳವಾಗಿ ತಲೆಯಾಡಿಸಿದರು.

ವೆಂಡೆಲ್ ಕಮಾನು ಎತ್ತಿದ. ಹೋಬರ್ಟ್ ತಂತಿ ಮೀಟಿದ. ಅಬ್ಬಾ, ಅದೇನು ಓಟ! ಇಬ್ಬರು ಮುದುಕರೂ ಬೇಲಿ ಹಾರಿ ಓಡುವ ಕರುಗಳಂತೆ ಹೊರಟೇಬಿಟ್ಟರು. ಶೇಷಗಿರಿಯವರ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಪಿಟೀಲು ಗಿರಕಿ ಹೊಡೆದು ಬ್ಯಾಂಜೊದ ಮಡಿಲಿಗೇ ಬಂದಿಳಿದ ಆ ಘಳಿಗೆಯಲ್ಲಿ ಹಿಂದಿನಿಂದ "ಭಲೇ!" ಎಂಬ ಗರ್ಜನೆ ಕೇಳಿತು.

ಶೇಷಗಿರಿ ತಿರುಗಿ ತುಟಿಗೆ ಬೆರಳಿಟ್ಟು ಗದರಿದರು. ಮೆಗ್ ರೆಕಾರ್ಡಿಂಗ್ ನಿಲ್ಲಿಸಿದಳು. ಎರಡನೇ ಸಲವೂ ಅದೇ ಜಾಗ, ಅದೇ ಭಲೇ, ಅದೇ ಗದರಿಕೆ. ಮೂರನೇ ಸಲ ತೊಡೆ ತಟ್ಟಿದ್ದೂ ಸೇರಿತು. ಶೇಷಗಿರಿ ಅವರನ್ನು ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋದರು.

"ನಿಂಗಪ್ಪನವ್ರೇ, ಕೈ ಮುಗೀತೀನಿ. ಇದು ರೆಕಾರ್ಡಿಂಗು."

"ಸರ, ನಾ ಏನ್ ಬೇಕಂತ ಅಂತೇನೇನ್ರಿ? ಧಾರವಾಡದಾಗ ಹಾಡು ಕೇಳಿ ಬೆಳದಾಂವ. ಅಷ್ಟ ಛಂದ ಬಾರಿಸಿದ್ರ ಬಾಯಿ ಮುಚ್ಕೊಂಡು ಕುಂದ್ರಾಕ ನಾ ಏನ್ ಗ್ವಾಡಿ ಏನು?"

ಅವರನ್ನು ಮೇಲಕ್ಕೆ ಕಳಿಸಿದ್ದಾಯಿತು. ಎರಡು ನಿಮಿಷದಲ್ಲಿ ಮೇಲಿನಿಂದ ಧಡ್ ಧಡ್ ಎಂದು ಕೇಳಿಸಿತು. ನಿಂಗಪ್ಪ ಜಯಾ ಅವರ ಅಕ್ಕಿ ಡಬ್ಬದ ಮೇಲೆ ತಾಳ ಹಾಕುತ್ತಿದ್ದರು. ಶೇಷಗಿರಿ ತುದಿಗಾಲಲ್ಲಿ ಮೇಲೆ ಓಡಿ, ಅವರನ್ನು ಸೋಫಾದಲ್ಲಿ ಕೂರಿಸಿ, ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತರು. ಹೊಸ ಮದುಮಕ್ಕಳ ಹಾಗೆ ಮೂರು ಗಂಟೆ ಕೂತರು. ಇಷ್ಟು ವರ್ಷ ಹಂಬಲಿಸಿದ ಸಂಗೀತ ಅವರಿಗೆ ನೆಲದ ಮೂಲಕ ಅಂಗಾಲಿಗಷ್ಟೇ ತಲುಪಿತು. ದುಃಖವಾಯಿತು. ಹೊದಿಕೆಯ ಮೇಲಿನ ಸಾಲನ್ನು ನೆನೆದು ತಡೆದುಕೊಂಡರು.

ಸಂಜೆ ಎಲ್ಲರೂ ಕೂತು ಕೇಳಿದರು. ಹನ್ನೊಂದು ಹಾಡುಗಳು, ಒಂದರಲ್ಲೂ ಕೆಮ್ಮಿಲ್ಲ, ಕಿರುಗುಟ್ಟುವ ಸದ್ದಿಲ್ಲ. ಆದರೆ ಮುದುಕರ ಮುಖ ಬರಬರುತ್ತ ಬಾಡಿತು. ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ಕೂತು ಬಾರಿಸಿದ ಹಾಗಿದೆ ಎಂದ ವೆಂಡೆಲ್. ಬೆಳಿಗ್ಗೆ ಕೆಟ್ಟುಹೋದದ್ದನ್ನು ಹಾಕು ಎಂದು ಹೋಬರ್ಟ್ ಮೆಗ್‌ಗೆ ಹೇಳಿದ. ಹಾಕಿದ್ದೇ ತಡ, ಇಬ್ಬರೂ ಮಂಡಿ ತಟ್ಟಿಕೊಂಡು ನಕ್ಕರು. ಹಿಂದೆ ತಮ್ಮ ಕಡೆಯ ಜನ ಹೀಗೇ ಕೂಗುತ್ತಿದ್ದರಂತೆ, ಆ ಕೂಗಿಲ್ಲದೆ ಬೆರಳು ಏಳುವುದೇ ಇಲ್ಲವಂತೆ. ಈ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ನಾಳೆ ಎಲ್ಲವನ್ನೂ ಹೊಸದಾಗಿ ಬಾರಿಸುವುದೆಂದು ತೀರ್ಮಾನವಾಯಿತು.

ನಾಳೆಯೂ ಸಂಗೀತ, ಈ ಸಲ ಎದುರಿಗೇ ಕೂತು ಕೇಳುವುದು! ಶೇಷಗಿರಿಯವರ ಎದೆ ಹಿಗ್ಗಿತು. ಬೆಳಿಗ್ಗೆ ಎಷ್ಟು ಗಂಟೆಗೆ ಎ.ಸಿ. ಆರಿಸಲಿ ಎಂದು ಕೇಳಿದರು.

ಮೆಗ್ ಆ ಮೂರು ಸಲದ್ದನ್ನೂ ಮತ್ತೆ ಜೋರಾಗಿ ಹಾಕಿದಳು. ಭಲೇ ಚೆನ್ನಾಗಿಯೇ ಕೇಳಿಸಿತು. ಪ್ರತಿ ಭಲೇಯ ಹಿಂದೆಯೂ ಟೈರಿನ ಗಾಳಿ ಬಿಟ್ಟಂತೆ ಉದ್ದಕ್ಕೆ "ಶ್ಶ್ಶ್" ಎಂದು ಇನ್ನೊಂದು ಸದ್ದು. ಬೆಳಿಗ್ಗೆ ತಾನು ನಿಲ್ಲಿಸಿದ್ದು ಇದಕ್ಕೇ, ಮೂರನ್ನೂ ಕೆಡಿಸಿದ್ದು ಇದೇ, ಇದನ್ನು ಅಳಿಸಲು ಬರುವುದಿಲ್ಲ ಎಂದು ಮೆದುವಾಗಿ ಹೇಳಿದಳು.

ಇನ್ನು ಉಸಿರೂ ಬಿಡುವುದಿಲ್ಲವೆಂದು ಶೇಷಗಿರಿ ಆಣೆ ಮಾಡಿದರು. ವೆಂಡೆಲ್ ಪ್ರೀತಿಯಿಂದ ಅವರ ಭುಜ ತಟ್ಟಿದ. ಆ ಮನುಷ್ಯನಿಗೆ ಕೂಗದಿರಲು ಆಗುವುದಿಲ್ಲ, ನಿನಗೆ ಗದರದಿರಲು ಆಗುವುದಿಲ್ಲ, ಯಾರದೂ ತಪ್ಪಲ್ಲ ಎಂದ. ನಾಳೆ ನಿಂಗಪ್ಪನವರ ಗ್ಯಾರೇಜಿನಲ್ಲಿ, ಶೇಷಗಿರಿ ದಯವಿಟ್ಟು ಆ ಕಡೆ ಸುಳಿಯಬಾರದು. ನಿಂಗಪ್ಪ ಆಗಲೇ ರೊಟ್ಟಿಗೆ ಹೇಳಲು ಮನೆಗೆ ಓಡಿದ್ದರು.

ಮೆಗ್ ಪೆನ್ನು, ಕಾಗದ ತೆಗೆದಳು. ಹೊದಿಕೆಯ ಮೇಲಿನ ಸಾಲು ಈಗ ಬದಲಾಗಬೇಕಲ್ಲ, ಆ ಮನೆಯವರ ಹೆಸರು ತನಗೆ ಸರಿಯಾಗಿ ಗೊತ್ತಾಗಲಿಲ್ಲ ಎಂದಳು.

ಶೇಷಗಿರಿ ಕನ್ನಡಕ ಹಾಕಿಕೊಂಡರು. ನಿಂಗಪ್ಪನವರ ಹೆಸರನ್ನು ದಪ್ಪ ಅಕ್ಷರಗಳಲ್ಲಿ, ಒಂದಕ್ಷರವೂ ತಪ್ಪಾಗದಂತೆ ಬರೆದುಕೊಟ್ಟರು.