ಮೊಮ್ಮಗಳ ಸೀಟು, ನನ್ನ ಬಾಯಿ

ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಕಂಡವರ ಅರ್ಜಿಯೆಲ್ಲ ತಿದ್ದಿದವನು ನಾನು. ಮನೆಯದೇ ಒಂದು ಅರ್ಜಿಗೆ ಕೈಹಾಕಿದ್ದೇ ತಡ, ದಿನಕ್ಕೊಂದು ಅವಮಾನ!

ಮೊಮ್ಮಗಳು ಸ್ಪೀಚ್ ಥೆರಪಿಯಲ್ಲಿ ಡಿಗ್ರಿ ಮುಗಿಸಿದ್ದಾಳೆ. ತೊದಲುವವರನ್ನು, ಲಕ್ವ ಹೊಡೆದು ಮಾತು ನಿಂತವರನ್ನು ಮತ್ತೆ ಮಾತಾಡಿಸುವ ವಿದ್ಯೆ. ಅದರಲ್ಲೇ ಎಂ.ಎಸ್ಸಿ. ಮಾಡಬೇಕೆಂಬ ಹಟ. ಸೀಟು ಬೆರಳೆಣಿಕೆ, ಕೇಳುವವರು ಬಸ್ ಸ್ಟ್ಯಾಂಡ್ ತುಂಬುವಷ್ಟು. ಹೋದ ವರ್ಷ ಕೈತಪ್ಪಿತ್ತು. ಈ ಸಲವೂ ಸಿಗದಿದ್ದರೆ ಗಂಡು ನೋಡುವುದೇ ಸೈ ಅಂತ ನನ್ನ ಮಗ ಪಟ್ಟು ಹಿಡಿದಿದ್ದ. ನಾನು ಸುಮ್ಮನಿರಲಾದೀತೇ?

೧. ಅರ್ಜಿಯಲ್ಲಿ ಎಮ್ಮೆ

'ಈ ಕೋರ್ಸು ಯಾಕೆ ಬೇಕು, ನಿಮ್ಮ ಮಾತಲ್ಲೇ ಬರೆಯಿರಿ' ಎಂದಿದ್ದರು. ಲಕ್ವ ಹೊಡೆದ ಯಲ್ಲದಕೆರೆಯ ಅಜ್ಜಿಯೊಬ್ಬಳು ಇವಳ ಹತ್ತಿರ ಮೂರು ತಿಂಗಳು ಅಭ್ಯಾಸ ಮಾಡಿದ ಮೇಲೆ ತನ್ನ ಎಮ್ಮೆಯನ್ನು ಹೆಸರು ಹಿಡಿದು ಕರೆದದ್ದನ್ನು ಇವಳು ಬರೆದಿದ್ದಳು. ಘನವಾದ ಅರ್ಜಿಯಲ್ಲಿ ಎಮ್ಮೆಯೇ? ಹೊಡೆದುಹಾಕಿದೆ. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಶುರುಮಾಡಿ, 'ಸೀಟು ಮಂಜೂರು ಮಾಡಿಕೊಡಬೇಕಾಗಿ ವಿನಂತಿ' ಅಂತ ಮುಗಿಸಿದೆ.

ಓದಿದವಳು, "ತಾತ, ನಾನು ಬೋರ್‌ವೆಲ್ ಕೇಳ್ತಿಲ್ಲ" ಅಂದಳು.

ಎಮ್ಮೆ ವಾಪಸು ಬಂತು.

೨. ಶಿಫಾರಸು

ಎರಡು ಶಿಫಾರಸು ಪತ್ರ ಬೇಕಂತೆ. ಶಿಫಾರಸು ನನಗೆ ಹೇಳಿಕೊಡಬೇಕೆ? ಉರಿಬಿಸಿಲಲ್ಲಿ ಹೊಳಲ್ಕೆರೆ ಬಸ್ಸು ಹತ್ತಿ ಬಿ.ದುರ್ಗದ ಬೀಗರ ಮನೆಗೆ ಹೋದೆ. ಅವರು ಇವಳ ತಾಯಿಯ ತಂದೆ, ಪಂಚಾಯ್ತಿ ಮೆಂಬರ್ ಆಗಿದ್ದವರು.

"ಕುಂತ್ಕಳ್ರಿ, ಇಷ್ಟಕ್ಕ್ಯಾಕೆ ಒದ್ದಾಡ್ತೀರಿ" ಅಂತ ಹಳೇ ಲೆಟರ್‌ಹೆಡ್ ತೆಗೆದು ಬರೆದೇಬಿಟ್ಟರು: 'ಸದರಿ ಹುಡುಗಿ ನಮಗೆ ಬಹಳ ವರ್ಷಗಳಿಂದ ಪರಿಚಿತಳು. ತಂಟೆ ತಕರಾರಿಗೆ ಹೋದವಳಲ್ಲ. ಸ್ವಂತ ಮನೆ ಐತೆ.' ಎರಡು ಕಡೆ ಸೀಲು ಬೇರೆ.

ಮೊಮ್ಮಗಳು ತಲೆ ಚಚ್ಚಿಕೊಂಡಳು. "ಪಾಠ ಹೇಳಿದ ಮೇಡಂ, ಸರ್ ಬರೀಬೇಕು ತಾತ. ಅವರು ಆನ್‌ಲೈನಲ್ಲಿ ಕಳಿಸಿಯೂ ಆಯ್ತು."

"ಮತ್ತೆ ಇದು?"

"ಇಟ್ಕಳ್ರಿ. ಯಾರಿಗಾದ್ರೂ ಜಾಮೀನು ಕೊಡಿಸೋಕೆ ಆಗುತ್ತೆ."

೩. ಹೊರಗೆ

ಸಂದರ್ಶನವೂ ಕಂಪ್ಯೂಟರಿನಲ್ಲೇ, ಚಿತ್ರದುರ್ಗದ ನಮ್ಮ ಪಡಸಾಲೆಯಲ್ಲಿ. "ಬಾಯಿ ಬಿಡಬ್ಯಾಡ್ರಿ" ಅಂತ ಆಣೆ ಮಾಡಿಸಿಕೊಂಡಿದ್ದಳು. ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲೇ ಕೂತೆ.

ಊರು ಯಾವುದು ಅಂತ ಆ ಕಡೆಯ ಮೇಡಂ ಕೇಳಿದರು. "ಮೂಲ ಹೊಸದುರ್ಗದ ಮತ್ತೋಡು ಅನ್ನು" ಅಂತ ಪಿಸುಗುಟ್ಟಿದೆ. ತಪ್ಪೇ?

ಆಮೇಲೆ ಮೇಡಂ, "ಲಕ್ವ ಹೊಡೆದ ಹಿರಿಯರೊಬ್ಬರು. ಅವರನ್ನು ಕೇಳಿದ್ದಕ್ಕೆಲ್ಲ ಮನೆಯವರೇ ಉತ್ತರ ಕೊಡ್ತಾರೆ. ಮೊದಲು ಏನು ಮಾಡ್ತೀರಿ?" ಅಂದರು.

"ಗೌರವದಿಂದ ಮಾತಾಡಿಸ್ತೀನಿ ಅನ್ನೇ!" ಅಂದೆ. ಕೊಂಚ ಗಟ್ಟಿಯಾಯಿತು.

"ಯಾರದು?" ಅಂದರು ಮೇಡಂ.

ಮೊಮ್ಮಗಳು ಅಲುಗಲಿಲ್ಲ. "ಮೊದಲು ಉತ್ತರ ಕೊಡೋ ಮನೆಯವರನ್ನ ಹೊರಗೆ ಕಳಿಸ್ತೀನಿ, ಮೇಡಂ" ಅಂದವಳೇ ನನ್ನ ಕಡೆ ತಿರುಗಿ ಬಾಗಿಲು ತೋರಿಸಿದಳು. "ತಾತ, ಏಳ್ರಿ."

ಸ್ವಂತ ಮನೆಯಿಂದ, ಹಿರಿಯನನ್ನು! ಜಗಲಿ ಮೇಲೆ ಕೂತು ಕುದಿದೆ. ಒಳಗೆ ಇವಳೂ ಕಂಪ್ಯೂಟರಿನ ಮೇಡಮ್ಮೂ ನಗುತ್ತಿದ್ದರು.

ಸೀಟು ಸಿಕ್ಕಿತು. ಸುದ್ದಿ ಕೇಳಿ ಹಿರಿಯೂರಿನಿಂದ ನನ್ನ ತಂಗಿ ಅವಳಿಗೆ ಫೋನ್ ಮಾಡಿದಳು. "ಹೆಂಗವ್ವಾ ಸಿಕ್ತು?"

"ಅಜ್ಜಿ, ಅದು..." ಅಂತ ಅವಳು ಶುರುಮಾಡುವಷ್ಟರಲ್ಲಿ ನಾನು ಫೋನ್ ಕಸಿದೆ. "ಲೇ, ಅದನ್ನ ನಾನು ಹೇಳ್ತೀನಿ ಕೇಳು!"

ಮೊಮ್ಮಗಳು ಮತ್ತೆ ಬಾಗಿಲು ತೋರಿಸಿದಳು.